ಕ್ಯಾಪ್ಟನ್ ಸೊಂಟದ ಅಳತೆ

ಟೈಲರ್ ರಾಯರಿಗೆ ಈ ಜನ್ಮದಲ್ಲಿ ಹೇಳಲೇಬೇಕಾದ ಒಂದು ಮಾತು ಬಾಕಿ ಉಳಿದಿತ್ತು. ಹೆಂಡತಿಗಲ್ಲ (ಆ ಧೈರ್ಯ ಅವರಿಗಿರಲಿಲ್ಲ), ಕ್ಯಾಪ್ಟನ್‌ಗೆ.

ನಲವತ್ತು ವರ್ಷದ ಹಿಂದೆ ಪಕ್ಕದ ಮನೆಯ ಕಪ್ಪುಬಿಳುಪು ಟಿವಿಯಲ್ಲಿ ವಾರಕ್ಕೊಮ್ಮೆ ಒಂದು ಬಾಹ್ಯಾಕಾಶ ನೌಕೆ ಹಾರುತ್ತಿತ್ತು. ಗ್ರಹಗಳೆಲ್ಲ ರಟ್ಟಿನವು, ಯಂತ್ರಮಾನವನ ಬೆನ್ನಿನ ಜಿಪ್ಪು ಕಾಣುತ್ತಿತ್ತು. ಆದರೂ ಕ್ಯಾಪ್ಟನ್ "ಹೆದರಬೇಡಿ, ನಾನಿದ್ದೇನೆ" ಎಂದರೆ ಕಿಟಕಿಗೆ ಜೋತುಬಿದ್ದ ಮಕ್ಕಳ ಭಯವೆಲ್ಲ ಹೋಗುತ್ತಿತ್ತು. ಕೊನೆಯ ಕಂತಿನಲ್ಲಿ ಎಲ್ಲರನ್ನೂ ಉಳಿಸಿ ಅವನು ಸತ್ತಾಗ, ಆ ಮಕ್ಕಳಲ್ಲೊಬ್ಬರಾಗಿದ್ದ ರಾಯರು ಮೂರು ದಿನ ಊಟ ಬಿಟ್ಟಿದ್ದರು. ಅದನ್ನೇ ಆ ಮನುಷ್ಯನ ಎದುರು ನಿಂತು ಹೇಳಬೇಕಿತ್ತು.

ಈಗ ಆ ಕಲಾವಿದರೆಲ್ಲ ಕೊನೆಯ ಸಲ ಒಟ್ಟಿಗೆ ಸೇರುತ್ತಾರೆ, ಅದೂ ತಮ್ಮೂರಿನ ಸಭಾಂಗಣದಲ್ಲೇ ಎಂದು ತಿಳಿದದ್ದೇ ತಡ, ರಾಯರು ಮಷಿನ್ ಮುಂದೆ ಕೂತರು. ಕ್ಯಾಪ್ಟನ್‌ಗೆ ಉಡುಗೊರೆ, ಬೆಳ್ಳಿಬಣ್ಣದ ಅದೇ ಸಮವಸ್ತ್ರ!

"ಅಳತೆ ಎಲ್ಲಿಂದ ತಂದ್ರಿ?" ಎಂದಳು ಹೆಂಡತಿ.

"ಟಿವೀಲಿ ನೋಡಿದ್ನಲ್ಲ. ಎದೆ ಮೂವತ್ತೆಂಟು, ಸೊಂಟ ಮೂವತ್ತು."

"ರೀ, ಆ ಮನುಷ್ಯನಿಗೆ ಈಗ ಎಂಬತ್ತಾಗಿರುತ್ತೆ."

"ಕ್ಯಾಪ್ಟನ್ ಸೊಂಟ ಕಣೇ ಅದು! ಕಂಡಕಂಡವರ ಸೊಂಟ ಅಲ್ಲ."

"ಮದುವೇಲಿ ನಿಮ್ಮದು ಇಪ್ಪತ್ತೆಂಟಿತ್ತು," ಎಂದಷ್ಟೇ ಹೇಳಿ ಆಕೆ ಒಳಗೆ ಹೋದಳು.

ಸಮಾರಂಭದ ದಿನ ಗಂಡಹೆಂಡಿರು ಪೊಟ್ಟಣ ಹಿಡಿದು ವೇದಿಕೆಯ ಹಿಂದಿನ ಕೋಣೆಗೆ ಹೋದರು. ನೌಕೆ ನಡೆಸುತ್ತಿದ್ದವನ ಕೈಯಲ್ಲಿ ಊರುಗೋಲು. ಯಂತ್ರಮಾನವ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ರಾಯರು ಒಬ್ಬೊಬ್ಬರನ್ನೇ ನೋಡಿದರು. ತಾನು ಆ ಕಿಟಕಿಯಿಂದ ಇಳಿದು ಬರುವಷ್ಟರಲ್ಲಿ ಇವರೆಲ್ಲ ಮುದುಕರಾಗಿಬಿಟ್ಟರಲ್ಲ!

ಸಮವಸ್ತ್ರ ಬಿಡಿಸಿ ನೋಡಿದ ಕ್ಯಾಪ್ಟನ್ ಕಣ್ಣು ಒದ್ದೆಯಾಯಿತು. "ಇದನ್ನೇ ಹಾಕ್ಕೊಂಡು ವೇದಿಕೆಗೆ ಹೋಗ್ತೀನಿ," ಎಂದು ಹಟ ಹಿಡಿದು ತೊಟ್ಟರು. ತೋಳು ಹೋಯಿತು, ಎದೆ ಹೋಯಿತು, ಹೊಟ್ಟೆಯ ಹತ್ತಿರ ಬಂದಾಗ "ಚರ್ರ್" ಎಂದಿತು.

ರಾಯರ ಜೀವ ಬಾಯಿಗೆ ಬಂತು. ಕ್ಯಾಪ್ಟನ್ ಮಾತ್ರ ನಕ್ಕು, "ಹೆದರಬೇಡಿ, ನೀವಿದ್ದೀರಲ್ಲ," ಎಂದರು.

ಪುಣ್ಯಕ್ಕೆ, ರಾಯರು ಅಭ್ಯಾಸಬಲದಿಂದ ಹೊಲಿಗೆಯೊಳಗೆ ಎರಡೂ ಬದಿ ಧಾರಾಳವಾಗಿ ಬಟ್ಟೆ ಬಿಟ್ಟಿದ್ದರು. ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡು, ಮಂಡಿಯೂರಿ, ಬಿಚ್ಚಿ ಹೊಲಿಯತೊಡಗಿದರು. ನಲವತ್ತು ವರ್ಷ ಕಾದ ಕ್ಷಣ ಬಂದದ್ದು ಆಗಲೇ.

"ನಮ್ಮ ಧಾರಾವಾಹಿ ನೋಡ್ತಿದ್ರಾ ನೀವು?" ಎಂದರು ಕ್ಯಾಪ್ಟನ್.

"ಉಂ! ಉಂ ಉಂ!" ಎಂದರು ರಾಯರು.

ಹೆಂಡತಿಗೆ ತಡೆಯಲಾಗಲಿಲ್ಲ. "ಬರೀ ನೋಡೋದೇನು ಸ್ವಾಮಿ, ನೀವು ಸತ್ರಿ ಅಂತ ಮೂರು ದಿನ ಊಟ ಬಿಟ್ಟಿದ್ರಂತೆ. ಈಗ ಒಂದು ಹೊತ್ತೂ ಬಿಡಲ್ಲ."

ಅಷ್ಟರಲ್ಲಿ ಹೊಲಿಗೆ ಮುಗಿಯಿತು. ಕ್ಯಾಪ್ಟನ್ ಆಕೆಯ ಕೈ ಹಿಡಿದು, "ಬಾಮ್ಮಾ, ಇದನ್ನ ಎಲ್ಲರಿಗೂ ಹೇಳ್ಬೇಕು," ಎಂದು ವೇದಿಕೆಯತ್ತ ಹೊರಟರು. ರಾಯರು ಏಳುವಷ್ಟರಲ್ಲಿ ನೌಕೆಯ ವಿಜ್ಞಾನಿಯ ಪಾತ್ರ ಮಾಡಿದ್ದ ಅಜ್ಜಿ ತಮ್ಮ ಹಳೇ ಸಮವಸ್ತ್ರ ಮುಂದೆ ಹಿಡಿದರು. "ನಂದೂ ಸ್ವಲ್ಪ ಸಡಿಲ ಮಾಡ್ಕೊಡಪ್ಪ."

ಕೋಣೆಯಿಂದ ವೇದಿಕೆಗೆ ಇಪ್ಪತ್ತು ಹೆಜ್ಜೆ. ಎಂಬತ್ತರ ಕ್ಯಾಪ್ಟನ್‌ಗೆ ಮರೆಯಲು ಅಷ್ಟು ದೂರ ಸಾಕಾಯಿತು. ಮೈಕಿನಲ್ಲಿ ಅದೇ ಗಂಭೀರ ಧ್ವನಿ ಕೇಳಿಸಿತು: "ನನಗೋಸ್ಕರ ಮೂರು ದಿನ ಊಟ ಬಿಟ್ಟ ತಾಯಿ ಇವರೇ!"

ಸಭೆಗೆ ಸಭೆಯೇ ಎದ್ದು ನಿಂತಿತು. ಪರದೆಯ ಸಂದಿಯಿಂದ ರಾಯರು ಇಣುಕಿದರು. ಹೆಂಡತಿ ನಾಚಿಕೊಂಡು ಕೈಮುಗಿಯುತ್ತಿದ್ದಳು. ಅಲ್ಲವೆಂದು ಹೇಳುವ ಲಕ್ಷಣವೇ ಕಾಣಲಿಲ್ಲ. ರಾಯರು ಸೂಜಿಗಳನ್ನೆಲ್ಲ ಬಾಯಿಂದ ತೆಗೆದು, ತಾವೂ ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ ಹೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ?