ನಕ್ಷೆ ಇಲ್ಲದವರು ಜಗಲಿಗೆ

ನಮ್ಮ ಶಾಲೆಗೆ ಹೊಸತೇನು ಬಂದರೂ ಅದು ಹೀಗೇ ಆಗುತ್ತದೆ. ಅಂಕೋಲೆಯ ಕಡಲ ದಂಡೆಯ ಶಾಲೆ. ಅಭಿವೃದ್ಧಿ ಸಮಿತಿಯಲ್ಲಿ ನನ್ನನ್ನು ಇಟ್ಟುಕೊಂಡದ್ದೇ ಜಗಳಕ್ಕೆ. ಈ ಸಲ ಬಂದದ್ದು ಫ್ಲಿಪ್ಡ್ ಕ್ಲಾಸ್‌ರೂಮ್. ಪಾಠದ ವಿಡಿಯೋ ಮನೆಯಲ್ಲೇ ನೋಡಬೇಕು, ತಿಳಿದದ್ದನ್ನು ಚೌಕ, ಬಾಣ ಹಾಕಿ ಪರಿಕಲ್ಪನಾ ನಕ್ಷೆ ಮಾಡಿ ತರಬೇಕು, ತರಗತಿಯಲ್ಲಿ ಬರೀ ಚರ್ಚೆ. ಒಳ್ಳೆಯದೇ. ಆದರೆ ವಿಜ್ಞಾನದ ಮಾಸ್ತರರು ಅದಕ್ಕೊಂದು ಬಾಲ ಸೇರಿಸಿದರು: ನಕ್ಷೆ ಇಲ್ಲದವರು ಜಗಲಿಗೆ.

ಬೋಟಿನಲ್ಲಿ ಪಾಠ

ನಮ್ಮ ಪಕ್ಕದ ಮನೆಯ ಹುಡುಗಿ ದಿನಾ ಜಗಲಿಯಲ್ಲೇ. ಮನೆಗೆ ಒಂದೇ ಮೊಬೈಲು, ಅದು ಅಪ್ಪನ ಜೊತೆ ಮೀನಿಗೆ ಹೋಗುತ್ತದೆ.

"ಜೀರ್ಣಾಂಗದ ವಿಡಿಯೋ ಕಳಿಸಿದ್ದೆ, ನೀಲಿ ಟಿಕ್ಕೂ ಬಂದದೆ" ಎಂದರು ಮಾಸ್ತರರು.

ಬಂದರಿಗೆ ಹೋಗಿ ಅವಳ ಅಪ್ಪನನ್ನು ಹಿಡಿದೆ.

"ನಾನೇ ನೋಡ್ದೆ ಮಾರಾಯ. ಬಲೆ ಬಿಟ್ಟು ಕೂತಾಗ ಎಂತ ಮಾಡೂದು? ಎಲ್ಲರೂ ನೋಡ್ದರು. ಸಣ್ಣ ಕರುಳು ಅಷ್ಟುದ್ದ ಅಂತ ಬೋಟು ನಡೆಸೋ ತಾಂಡೇಲನಿಗೇ ಗೊತ್ತಿರ್ಲಿಲ್ಲ!"

"ಮಗಳಿಗೆ ತೋರಿಸ್ಲಿಲ್ವ?"

"ನಾ ಬರೂದ್ರೊಳಗೆ ಅವಳು ಶಾಲೆಗೆ, ಅವಳು ಬರೂದ್ರೊಳಗೆ ನಾ ಸಮುದ್ರಕ್ಕೆ."

ಇಡೀ ಬೋಟು ಪಾಸು. ಹುಡುಗಿ ಮಾತ್ರ ಜಗಲಿಯಲ್ಲಿ.

ಜಠರ

ಒಳಗೆ ಕೂತವರು ಅಂಥದ್ದೇನು ಬರೆದಿದ್ದಾರೆ ಎಂದು ನೋಡಿದೆ. ಎಲ್ಲರ ನಕ್ಷೆಯ ನಡುವೆ ಒಂದೇ ಆಕಾರದ, ಚೀಲದಂಥ ಕಪ್ಪು ಕಲೆ. ಯಾರೋ ಊಟ ಮಾಡುತ್ತ ಬರೆದು ಮೀನಸಾರು ಚೆಲ್ಲಿಕೊಂಡದ್ದನ್ನು ತರಗತಿಯೆಲ್ಲ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿತ್ತು! ಮಾಸ್ತರರು ಪ್ರತಿಯೊಂದಕ್ಕೂ 'ಶಹಭಾಸ್' ಬರೆದಿದ್ದರು. ಒಳಗಿದ್ದ ಇನ್ನೊಬ್ಬಳು ಮಾತ್ರ ಸ್ವಂತ ಕೈಯಿಂದ ಬರೆದಿದ್ದಳು, ಸಾರು ಇಲ್ಲದೆ. ಅವಳಿಗೆ ಕೆಂಪು ಶಾಯಿಯಲ್ಲಿ: 'ಜಠರ ಎಲ್ಲಿ?'

ಸಾಹೇಬರು

ನಾನು ಕಾರವಾರದ ಶಿಕ್ಷಣ ಇಲಾಖೆಯ ಕಚೇರಿ ಮುಂದೆ ಧರಣಿ ಕೂತು ಗಂಟಲು ಹರಿದುಕೊಂಡ ಮೇಲೆ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಜಗಲಿಯ ತುಂಬ ಬಿಸಿಲು. ಹುಡುಗಿ ಕಂಬದ ನೆರಳಲ್ಲಿ ನಿಂತಿದ್ದಳು.

"ಇವಳ್ಯಾಕೆ ಹೊರಗೆ?" ಎಂದರು ಸಾಹೇಬರು ತರಗತಿಯೊಳಗೆ ಬಂದು.

"ನಕ್ಷೆ ತಂದಿಲ್ಲ ಸರ್."

"ಹಾಗಾದ್ರೆ ಸರಿ. ನಿಯಮ ಅಂದ್ರೆ ನಿಯಮ."

ನನಗೆ ಮೈ ಉರಿಯಿತು. "ಮಾಸ್ತರರ ನಕ್ಷೆನೂ ಕೇಳಿ ಸಾಹೇಬರೇ!"

ಮಾಸ್ತರರು ಚೀಲ ತಡಕಿದರು, ಜೇಬು ತಡಕಿದರು.

"ವಿಡಿಯೋನಾದ್ರೂ ನೋಡಿದೀರಾ?" ಎಂದರು ಸಾಹೇಬರು.

"ಕಳಿಸೂಕೆ ನೀವು ಹೇಳಿದ್ರಿ, ಕಳಿಸ್ದೆ ಸರ್. ನೀವು ನೋಡಿರ್ತೀರಿ ಅಂತ..."

ಸಾಹೇಬರು ಕಿಟಕಿಯಾಚೆ ಕಡಲು ನೋಡತೊಡಗಿದರು.

ಮರುದಿನದಿಂದ ಯಾರನ್ನೂ ಜಗಲಿಗೆ ಕಳಿಸಲಿಲ್ಲ. ನನ್ನ ಧರಣಿಗೆ ಹೆದರಿ ಅಲ್ಲ. ಸಾಹೇಬರು ಕಡಲು ನೋಡುತ್ತಿದ್ದಾಗಲೇ ಹುಡುಗಿ ಕಂಬದ ನೆರಳಲ್ಲಿ ಅಷ್ಟು ಸರಿದು ಜಾಗ ಮಾಡಿ, ಬಾಗಿಲಿನತ್ತ ತಿರುಗಿ ಬಹಳ ಮರ್ಯಾದೆಯಿಂದ ಕರೆದಿದ್ದಳು:

"ಬರ್ರಿ ಮಾಸ್ತರೇ, ಇಲ್ಲಿ ನೆರಳು ಅದೆ. ಸಾಹೇಬರಿಗೂ ಜಾಗ ಆಗ್ತದೆ."