ಹೆಣ್ಣು ನೋಡಲು ಬಂದ ಅಮ್ಮ

ಎಲ್ಲಕ್ಕೂ ಕಾರಣ ಇಸ್ತ್ರಿ ಮಾಡಿದ ಒಂದು ಬಿಳಿ ಅಂಗಿ.

ತೆಲಿಗಿಯ ಪ್ರಾಥಮಿಕ ಶಾಲೆಯ ಮೇಷ್ಟರು ಗಾದಿಲಿಂಗಪ್ಪನಿಗೆ ಮೂವತ್ತೊಂದು ತುಂಬಿತ್ತು. ಅದುವರೆಗೆ ಎರಡು ಕಡೆ ಹೆಣ್ಣು ನೋಡಿದ್ದ. ಎರಡೂ ಸಲ ಬಸ್ಸಿನ ಧೂಳು ಅವನಿಗಿಂತ ಮೊದಲೇ ಹೆಣ್ಣಿನ ಮನೆ ಹೊಕ್ಕಿತ್ತು. ಹಡಗಲಿಯಲ್ಲಂತೂ ಹೆಣ್ಣಿನ ಚಿಕ್ಕಮ್ಮ ಅವನ ಕೆಂಪು ತಲೆ, ಕೆಂಪು ಹುಬ್ಬು, ಕೆಂಪು ಅಂಗಿ ನೋಡಿ, “ಇಟ್ಟಂಗಿ ಭಟ್ಟಿಯವರು ಬಂದಾರ, ಹಿತ್ತಲ ಕಡಿಂದ ಬರಾಕ ಹೇಳ್ರಿ” ಎಂದಿದ್ದಳು. ಆ ಸಂಬಂಧ ಹಿತ್ತಲಲ್ಲೇ ಮುಗಿಯಿತು.

ಆದ್ದರಿಂದ ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಕೊಟ್ಟೂರಿನಿಂದ ಮೂರನೆಯ ಕರೆ ಬಂದಾಗ ಗಾದಿಲಿಂಗಪ್ಪ ಒಂದು ನಿರ್ಧಾರ ಮಾಡಿದ. ಶನಿವಾರ ಸಂಜೆಯೇ ಹೋಗಿ ಲಾಡ್ಜಿನಲ್ಲಿ ಉಳಿಯುವುದು; ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಮಡಿಕೆ ಮುರಿಯದ ಅಂಗಿ ತೊಟ್ಟು, ಆ ಊರಲ್ಲೇ ಹುಟ್ಟಿ ಬೆಳೆದವನಂತೆ ನಡೆದುಕೊಂಡು ಹೋಗುವುದು. ತಂದೆ ತಾಯಿ ಇಲ್ಲದ ಅವನಿಗೆ ಹಿರಿಯನೆಂದರೆ ಸೋದರಮಾವ ದುರುಗಪ್ಪ. ಅವನು ಹಗರಿಬೊಮ್ಮನಹಳ್ಳಿಯಿಂದ ರೈಲಿನಲ್ಲಿ ನೇರವಾಗಿ ಹೆಣ್ಣಿನ ಮನೆಗೆ ಬರುವುದೆಂದು ಮಾತಾಗಿತ್ತು. ಈ ಸಲವೂ ತಪ್ಪಿದರೆ ಇನ್ನು ಹೆಣ್ಣು ಹುಡುಕುವ ಕೆಲಸಕ್ಕೆ ತನ್ನನ್ನು ಕರೆಯಬಾರದೆಂದು ಅವನು ಮೊದಲೇ ಹೇಳಿಬಿಟ್ಟಿದ್ದ.

ಲಾಡ್ಜಿನ ಹಾಸಿಗೆ ನೋಡಲು ಸಾಧುವಾಗಿತ್ತು. ದೀಪ ಆರಿಸಿದ ಮೇಲೆ ಅದರ ಖಾಯಂ ನಿವಾಸಿಗಳು ಹೊರಬಂದರು. ಮೊದಲು ಒಂದು ತಿಗಣೆ ಬಂದು ರುಚಿ ನೋಡಿ ಹೋಯಿತು. ಆಮೇಲೆ ಬಂಧುಬಳಗವನ್ನೆಲ್ಲ ಪಂಕ್ತಿಗೆ ಕರೆತಂದಿತು. ಗಾದಿಲಿಂಗಪ್ಪ ನೆಲಕ್ಕೆ ಇಳಿದ, ಅವೂ ಇಳಿದವು. ಮೇಜಿನ ಮೇಲೆ ಕುಳಿತ. ಮೇಜು ಅವುಗಳ ತವರುಮನೆಯಾಗಿತ್ತು.

ಬೆಳಿಗ್ಗೆ ಮ್ಯಾನೇಜರನನ್ನು ಕೇಳಿದರೆ ಅವನು ಹಲ್ಲುಜ್ಜುತ್ತಲೇ ಹೇಳಿದ: “ತಗಣಿನಾ? ನಮ್ಮಲ್ಲಿ ಇಲ್ಲೇ ಇಲ್ರಿ. ನಿಮ್ಮ ಚೀಲದಾಗ ಬಂದಿರಬೇಕು ನೋಡ್ರಿ. ಬಾಜೂ ರೂಮಿನವರು ನಿಮ್ಮ ಮ್ಯಾಲೇ ಕಂಪ್ಲೇಂಟ್ ಹೇಳಿ ಹೋಗ್ಯಾರ.”

ಕನ್ನಡಿಯಲ್ಲಿ ಗಾದಿಲಿಂಗಪ್ಪನ ಮುಖ ಶೇಂಗಾ ಒಣಹಾಕಿದ ಕಣದಂತೆ ಕಂಡಿತು. ಕುತ್ತಿಗೆ, ಕೈ, ಕಿವಿ, ಎಲ್ಲಿ ನೋಡಿದರೂ ಕೆಂಪು ಗುಳ್ಳೆ. ಅಂಗಿಗೆ ಮಾತ್ರ ಒಂದು ಸುಕ್ಕು ಇರಲಿಲ್ಲ. ಹತ್ತು ಗಂಟೆಯೊಳಗೆ ಬರುತ್ತೇನೆಂದು ಹೇಳಿಕಳಿಸಿದ್ದ. ಅಂಗಿಯನ್ನೇ ನಂಬಿ ಹೊರಟ.

ಹೆಣ್ಣಿನ ತಂದೆ ನಾಗಪ್ಪ ಹತ್ತಿ ಗಿರಣಿಯಲ್ಲಿ ತೂಕ ಮಾಡುವವನು. ಬಾಗಿಲು ತೆರೆದದ್ದು ಅವನ ತಾಯಿ ಸುಂಕಮ್ಮ. ಮುದುಕಿ ಗಾದಿಲಿಂಗಪ್ಪನ ಮುಖ ನೋಡಿದಳು, ಸೆರಗನ್ನು ತಲೆಗೆ ಎಳೆದುಕೊಂಡಳು, ಎರಡೂ ಕೈ ಮುಗಿದಳು.

“ಬಂದ್ಯಾ ತಾಯಿ? ಬಾರವ್ವ, ಒಳಗ ಬಾ.”

ಯಾವ ಹೆಂಗಸು ಬಂದಳೋ ಎಂದು ಗಾದಿಲಿಂಗಪ್ಪ ಹಿಂದಕ್ಕೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

“ಅಜ್ಜೀ, ನಾನು ತೆಲಿಗಿ ಗಾದಿಲಿಂಗಪ್ಪ. ಹೆಣ್ಣು ನೋಡಾಕ ಬಂದೀನ್ರಿ.”

“ಅವ ಬಂದಾನ, ಬರಲಿ. ಅವನ ಜತಿಗೆ ನೀನೂ ಬಂದ್ಯಲ್ಲ ನನ್ನವ್ವ,” ಎಂದು ಸುಂಕಮ್ಮ ಅವನನ್ನು ಬಿಟ್ಟು ಅವನ ಕೆನ್ನೆಯ ಗುಳ್ಳೆಗಳಿಗೆ ಹೇಳಿದಳು.

“ಅಯ್ಯೋ, ಇವು ತಗಣಿ ಕಡದದ್ದು ಅಜ್ಜಿ!”

“ಶ್! ಹಂಗ ಅನಬಾರದು. ಆಕಿ ಕೇಳಿಸ್ಕಂತಾಳ.”

ಬೇಸಿಗೆಯಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಆ ಕಡೆ ಅದನ್ನು ರೋಗವೆಂದು ಕರೆಯುವುದಿಲ್ಲ; ಅಮ್ಮ ಬಂದಳು ಎನ್ನುತ್ತಾರೆ. ಬಂದವಳು ತಾನಾಗಿ ಹೊರಡುವ ತನಕ ಮನೆಯಲ್ಲಿ ಒಗ್ಗರಣೆ ಇಲ್ಲ, ಗಟ್ಟಿ ಮಾತಿಲ್ಲ, ಅವಳು ಬಂದಿರುವ ಮೈ ಹೊಸ್ತಿಲು ದಾಟುವಂತಿಲ್ಲ. ಐದು ನಿಮಿಷದಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಮಗಳ ಮದುವೆಗೆಂದು ನಾಗಪ್ಪ ಹೊಸ ಹತ್ತಿ ತುಂಬಿಸಿಟ್ಟಿದ್ದ ಗಾದಿಯನ್ನು ಪಡಸಾಲೆಯಲ್ಲಿ ಹಾಸಿ ಗಾದಿಲಿಂಗಪ್ಪನನ್ನು ಅದರ ಮೇಲೆ ಮಲಗಿಸಿದರು. ಇಸ್ತ್ರಿ ಅಂಗಿಯ ಮೇಲೆ ಅರಿಸಿನದ ನೀರು ಚಿಮುಕಿಸಿದರು. ಅವನಿಗಾಗಿ ಕರಿದಿದ್ದ ಒಂದು ಬುಟ್ಟಿ ಮೆಣಸಿನಕಾಯಿ ಬಜ್ಜಿ ಅವನ ಕಣ್ಣೆದುರೇ ನೆರೆಮನೆಗಳಿಗೆ ಹೋಯಿತು.

ಅವನು ತಡೆಯಲಾರದೆ ಕುತ್ತಿಗೆ ಕೆರೆದುಕೊಂಡ.

“ಕೆರಕಬ್ಯಾಡ ತಾಯಿ,” ಎಂದಳು ಸುಂಕಮ್ಮ.

“ನಾನು ಗಂಡಸು ಅಜ್ಜಿ!” ಎಂದು ಅವನು ಕೂಗಿದ.

“ನೋಡು, ಸಿಟ್ಟು ಬಂತು ಆಕಿಗೆ,” ಎಂದು ನಾಗಪ್ಪ ಗಲ್ಲ ಗಲ್ಲ ಬಡಿದುಕೊಂಡ.

ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಪಕ್ಕೀರಪ್ಪ ಬಜ್ಜಿ ಅಗಿಯುತ್ತ ಬಂದು ಬಾಗಿಲಲ್ಲಿ ಕುಳಿತ. ಅವನ ಭಕ್ತಿಯ ದಾರಿ ಬೇರೆ. ಸಿಡುಬು ಆದವರನ್ನು ತೋರಿಸಿಕೊಟ್ಟವರಿಗೆ ಸಾವಿರ ರೂಪಾಯಿ ಬಹುಮಾನವೆಂದು ಸರಕಾರದವರು ಆಗ ಊರೂರಿನ ಗೋಡೆಗಳ ಮೇಲೆ ಬರೆಸಿದ್ದರು.

“ಮೇಷ್ಟ್ರ,” ಎಂದು ಅವನು ಗುಟ್ಟಿನಲ್ಲಿ ಹೇಳಿದ, “ಯಾರರ ಕೇಳಿದ್ರ ಮೊದ್ಲು ನೋಡಿದವ ಪಕ್ಕೀರಪ್ಪ ಅನ್ರಿ.”

“ಇದು ಸಿಡುಬಲ್ಲೋ ಮಾರಾಯ. ತಗಣಿ.”

“ಹಂಗನಬ್ಯಾಡ್ರಿ. ದೊಡ್ಡ ಮನಸ್ಸು ಮಾಡಿ ಸಂಜಿ ತನಕ ಸಿಡುಬೇ ಇರಲಿ. ಹೆಲ್ತ್ ಇನ್ಸ್‌ಪೆಕ್ಟರ್ ಸಾಹೇಬ್ರು ಉಂಡು ಮಲಗಿ ಏಳಲಿ, ಕರಕಂಡು ಬರ್ತೀನಿ. ಅಲ್ಲೀ ತನಕ ಎಲ್ಲಿಗೂ ಹೋಗಬ್ಯಾಡ್ರಿ. ನಾನು ಇಲ್ಲೇ ಕಾಯ್ತೀನಿ.”

ಉಪ್ಪಿಲ್ಲದ ಮೊಸರನ್ನ ತಂದವಳೇ ಹೆಣ್ಣು, ಹುಲುಗಮ್ಮ. ತಲೆ ತಗ್ಗಿಸಿ ತಟ್ಟೆ ಇಟ್ಟಳು, ಒಂದು ಗಳಿಗೆ ಅವನ ಕೊರಳ ಕಡೆ ನೋಡಿದಳು, ಹೋದಳು. ಗಾದಿಲಿಂಗಪ್ಪ ಎರಡು ತುತ್ತು ತಿಂದು ಮೂರನೆಯದಕ್ಕೆ ಕೈಹಾಕಿದರೆ ಅನ್ನದ ಅಡಿಯಲ್ಲಿ ಒಂದು ಮೆಣಸಿನಕಾಯಿ ಬಜ್ಜಿ! ತಲೆಯೆತ್ತಿದ. ಅಡುಗೆಮನೆಯ ಬಾಗಿಲಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ತೆಲಿಗಿಯ ಶಾಲೆಯಲ್ಲೇ ಮುದುಕನಾಗುವುದು ಎಂದು ಅವನು ಆ ಕ್ಷಣದಲ್ಲಿ ತೀರ್ಮಾನಿಸಿದ.

ಹಾಗೆಯೇ ಮಲಗಿದ್ದರೂ ಇರುತ್ತಿದ್ದನೇನೋ. ಆದರೆ ಸುಂಕಮ್ಮ ಪಕ್ಕದಲ್ಲಿ ಕುಳಿತು ಬೇವಿನ ಸೊಪ್ಪು ಬೀಸುತ್ತ ಮೆಲ್ಲಗೆ ಮಾತಾಡತೊಡಗಿದಳು.

“ನನ್ನ ಚೊಚ್ಚಲ ಮಗಳು ಗಾಳೆಮ್ಮ ಅಂತ. ನಾಕು ವರ್ಷದಾಕಿ. ಆಕಿಗೂ ನೀ ಹಿಂಗೇ ಬಂದಿದ್ದಿ. ನಾವು ತಿಳೀದ ಜ್ವರ ಅಂದ್ವಿ. ಉರಿಬಿಸಲಾಗ ಗಾಡಿ ಕಟ್ಟಿ ಕೂಡ್ಲಿಗಿಗೆ ಹೊಂಟ್ವಿ. ಹಾದ್ಯಾಗ ಕೂಸು ನೀರು ಬೇಡಿತು. ಹಳ್ಳಕ್ಕ ಇಳಿದು ತರೋದ್ರಾಗ...” ಅವಳ ಕೈ ಮಾತ್ರ ನಿಲ್ಲಲಿಲ್ಲ. “ಆವಾಗ ನಿನಗ ಒಂದು ಎಲಿ ಬೇವು ಇಡಲಿಲ್ಲ ನಾನು. ಈಗ ಇಡ್ತೀನಿ. ತಣ್ಣಗಿರವ್ವ.”

ಗಾದಿಲಿಂಗಪ್ಪ ಉಳಿದ ಬಜ್ಜಿಯನ್ನು ಅನ್ನದ ಅಡಿಗೇ ತಳ್ಳಿದ. ಲಾಡ್ಜಿನ ತಿಗಣೆಯ ಹೆಸರಿನಲ್ಲಿ ಈ ತಾಯಿಯಿಂದ ಸೇವೆ ಮಾಡಿಸಿಕೊಂಡರೆ ದೇವರು ಮೆಚ್ಚಲಾರ ಎನ್ನಿಸಿತು. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಸರಕಾರದ ಮೊಹರು ಬಿದ್ದ ಕಾಗದವೇ ಬೇಕು.

ಸುಂಕಮ್ಮ ಹೊಸ ಸೊಪ್ಪು ತರಲು ಹಿತ್ತಲಿಗೆ ಎದ್ದಳು. ಅದೇ ಹೊತ್ತಿಗೆ ಪಕ್ಕೀರಪ್ಪನಿಗೆ ಐದನೆಯ ಬಜ್ಜಿಯ ಖಾರ ನೆತ್ತಿಗೇರಿ ಅವನು ನೀರಿಗೆ ಓಡಿದ. ಗಾದಿಲಿಂಗಪ್ಪ ಹೊರಗೆ ಹಾರಿದ.

ಓಡಿಹೋಗುವುದು ಮಾತ್ರ ಸುಲಭವಿರಲಿಲ್ಲ. ಮುಖದ ತುಂಬ ಗುಳ್ಳೆ, ಕಿವಿಯಲ್ಲಿ ಬೇವು, ಅಂಗಿಯ ಮೇಲೆ ಅರಿಸಿನ. ಬೀದಿಯವರು ಎರಡು ಸಾಲಾಗಿ ಸರಿದು ದಾರಿ ಬಿಟ್ಟರು. ಮನೆಗೊಬ್ಬ ಹೆಂಗಸು ಕೊಡ ತಂದು ಕಾಲಿಗೆ ನೀರು ಸುರಿದಳು. ನಿಲ್ಲದಿದ್ದರೆ ಅವರಿಗೆ ನೋವು, ನಿಂತರೆ ಇವನಿಗೆ ತಡ. ಎರಡು ಬೀದಿ ದಾಟುವುದರಲ್ಲಿ ಅವನ ಕಾಲುಗಳು ಜನ್ಮದಲ್ಲೇ ಕಾಣದಷ್ಟು ಶುಭ್ರವಾದವು.

ಹೆಲ್ತ್ ಇನ್ಸ್‌ಪೆಕ್ಟರ್ ರಾಮಣ್ಣ ಮನೆಯ ಅಂಗಳದಲ್ಲಿ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕುಳಿತಿದ್ದ. ಬಂದವನ ಮುಖ ಕಂಡು ಎದ್ದು ಬಚ್ಚಲ ಬಾಗಿಲ ತನಕ ಹೋದ. ಅಲ್ಲಿಂದ ಕಣ್ಣು ಕಿರಿದು ಮಾಡಿ ನೋಡಿ, ಒಂದೊಂದೇ ಹೆಜ್ಜೆ ಹತ್ತಿರ ಬಂದ.

“ನಿನ್ನಿ ಎಲ್ಲಿ ಮಲಗಿದ್ರಿ?”

“ಬಸ್‌ಸ್ಟ್ಯಾಂಡ್ ಹಿಂದಿನ ಲಾಡ್ಜಿನಾಗ್ರಿ.”

“ಮೊದ್ಲೇ ಹೇಳಬಾರದೇನ್ರಿ! ವರ್ಗ ಆಗಿ ಬಂದ ಹೊಸದಾಗಿ ನಾನೂ ಅಲ್ಲೇ ಇದ್ದೆ. ಮೂರ್ಮೂರು ಗುಳ್ಳಿ ಸಾಲಾಗಿ ಎದ್ದಾವ ನೋಡ್ರಿ, ಅಮ್ಮ ಹಿಂಗ ಹೆಜ್ಜಿ ಇಡಲ್ಲ. ಕಾಲರ್ ತಿರುವ್ರಿ.”

ಕಾಲರಿನ ಮಡಿಕೆಯಿಂದ ಒಂದು ದಪ್ಪ ತಿಗಣೆ ಮಧ್ಯಾಹ್ನದ ಊಟ ಮುಗಿಸಿದ ಸಾಹುಕಾರನಂತೆ ನಿಧಾನವಾಗಿ ಹೊರಬಂತು. ರಾಮಣ್ಣ ಅಜ್ಜಿಯ ಮನೆಯಲ್ಲಿ ನಡೆದದ್ದನ್ನೆಲ್ಲ ಕೇಳಿ, ಕೈ ಒರೆಸಿಕೊಂಡು “ಸಿಡುಬು ಅಲ್ಲ, ತಿಗಣೆ ಕಡಿತ” ಎಂದು ಬರೆದು, ರುಜು ಹಾಕಿ, ಮೊಹರು ಒತ್ತಿದ. ತಿಗಣೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕೊಟ್ಟ. “ಇದನ್ನೂ ಒಯ್ರಿ. ಅಜ್ಜಿಗೆ ಓದಾಕ ಬರಲ್ಲ, ನೋಡಾಕ ಬರ್ತೈತಲ್ಲ.”

ಗಾದಿಲಿಂಗಪ್ಪ ಕಾಗದ ಎತ್ತಿ ಹಿಡಿದು ವಾಪಸು ಬಂದಾಗ ನಾಗಪ್ಪನ ಪಡಸಾಲೆಯಲ್ಲಿ ಓಣಿಗೆ ಓಣಿಯೇ ಸೇರಿತ್ತು. ರೈಲಿಳಿದು ಬಂದಿದ್ದ ಸೋದರಮಾವ ದುರುಗಪ್ಪ ಗಾದಿಯ ಅಂಚಿನಲ್ಲಿ ನಾಗಪ್ಪನ ಜೊತೆ ಕುಳಿತಿದ್ದ. ಇಬ್ಬರ ನಡುವೆ ಎಲೆ ಅಡಿಕೆ, ಸಕ್ಕರೆಯ ತಟ್ಟೆ.

“ತಾಯಿ ವಾಪಸ್ ಬಂದ್ಳು,” ಎಂದು ಸುಂಕಮ್ಮನ ಮುಖ ಅರಳಿತು.

“ಅಜ್ಜಿ, ಎಲ್ಲಾರೂ ಕೇಳ್ರಿ,” ಎಂದ ಗಾದಿಲಿಂಗಪ್ಪ.

ದುರುಗಪ್ಪ ಕೆಮ್ಮಿದ. ಗಾದಿಲಿಂಗಪ್ಪ ಅವನ ಕಡೆ ನೋಡಿದ. ದುರುಗಪ್ಪ ಒಂದು ಕಣ್ಣು ಹೊಡೆದ, ಆಮೇಲೆ ಇನ್ನೊಂದು, ಆಮೇಲೆ ಎರಡನ್ನೂ.

“ಮಾವಾ, ರೈಲಿನ ಮಸಿ ಕಣ್ಣಾಗ ಬಿತ್ತೇನು? ತಡಿ, ಆಮ್ಯಾಲೆ ಊದ್ತೀನಿ,” ಎಂದು ಹೇಳಿ, ಅವನು ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಕಾಗದ ಓದಿದ. ಪಕ್ಕೀರಪ್ಪ ಮೂಲೆಯಲ್ಲಿ ಸಾವಿರ ರೂಪಾಯಿ ಕಳೆದುಕೊಂಡವನಂತೆ ಕುಸಿದ. ಮಿಕ್ಕವರು ನಂಬಲೋ ಬೇಡವೋ ಎಂದು ನಿಂತಿದ್ದರು.

“ನಂಬಲ್ಲೇನು? ಸಾಕ್ಷಿ ತಂದೀನಿ,” ಎಂದು ಗಾದಿಲಿಂಗಪ್ಪ ಬೆಂಕಿಪೊಟ್ಟಣ ತೆರೆದ.

ಒಳಗೆ ಎರಡು ಕಡ್ಡಿ ಮಾತ್ರ ಇದ್ದವು.

“ಎಲ್ಲಿ ಹೋತು?” ಎಂದಿತು ಒಂದು ದನಿ.

ಪಡಸಾಲೆಯಲ್ಲಿದ್ದವರೆಲ್ಲ ಮೊದಲು ನೆಲ ನೋಡಿದರು, ಆಮೇಲೆ ಹೊಸ ಗಾದಿ ನೋಡಿದರು. ಮರುಗಳಿಗೆಯಲ್ಲಿ ಯಾರು ಯಾರ ಸೆರಗು ಒದರುತ್ತಿದ್ದಾರೆಂದು ತಿಳಿಯಲಿಲ್ಲ. ಅವನ ಕಾಲಿಗೆ ನೀರು ಸುರಿದವರು ಕೈ ತಿಕ್ಕತೊಡಗಿದರು. ಇಡೀ ಓಣಿಗೆ ತುರಿಕೆ ಹತ್ತಿತು. ನಾಗಪ್ಪ ಗಾದಿಯನ್ನು ದರದರ ಎಳೆದು ಬಿಸಿಲಿಗೆ ಒಗೆದ.

ಸುಂಕಮ್ಮ ಮಾತ್ರ ಅಲ್ಲಾಡಲಿಲ್ಲ.

“ನಾನು ಮುಂಜಾನಿಂದ ಕೈಮುಗುದದ್ದು ತಗಣಿಗೇನಪ್ಪಾ?”

“ತಪ್ಪಾತು ಅಜ್ಜಿ. ನಿಮಗ ಸುಳ್ಳು ಹೇಳಬಾರದು ಅಂತ...”

“ನಿಂದೇನು ತಪ್ಪಿಲ್ಲ ಬಿಡು. ಕಣ್ಣು ನಂದು ಹೋಗ್ಯಾವ.” ಕೈಯಲ್ಲಿದ್ದ ಬೇವನ್ನು ಅವಳು ಮೆಲ್ಲನೆ ಕೆಳಗಿಟ್ಟಳು. “ಆದ್ರ ಒಂದು ಮಾತು. ಅಮ್ಮ ಬಂದ್ರ ಒಂಬತ್ತು ದಿನ ಇರ್ತಾಳ, ಹರಸಿ ಹೋಗ್ತಾಳ. ತಗಣಿ ಹೋಗಲ್ಲ. ನಮ್ಮ ತವರಿನಾಗ ಹೊಕ್ಕಿದ್ದವು. ಮಂಚ ಸುಟ್ವಿ, ಕದ ಸುಟ್ವಿ, ಕಡೀಕ ಮನೀನೇ ಬಿಟ್ಟು ಬ್ಯಾರೆ ಮನಿಗೆ ಹೋದ್ವಿ. ನಮಗಿಂತ ಮೊದ್ಲು ಹೋಗಿ ಕುಂತಿದ್ದವು. ಆ ಬಳಗ ನಮಗ ಬ್ಯಾಡಪ್ಪ. ಹೋಗಿ ಬಾ.”

ಬೀದಿಗೆ ಬಂದ ಮೇಲೆ ದುರುಗಪ್ಪ ಅಳಿಯನ ತೋಳು ಹಿಡಿದು ಜಗ್ಗಿದ.

“ಮಾತು ಮುಗುದಿತ್ತಲೇ, ಕತ್ತೀ! ‘ಅಮ್ಮನೇ ಈ ಹುಡುಗನ ಮ್ಯಾಲೆ ಕುಂತು ಹೆಣ್ಣು ಕೇಳಾಕ ಬಂದಾಳ, ಇಲ್ಲ ಅನ್ನಾಕ ನಾವ್ಯಾರು’ ಅಂತ ಅಜ್ಜಿ ನನ್ನ ಬಾಯಿಗೆ ಸಕ್ರಿ ಹಾಕಿದ್ಳು. ಒಪ್ಪಿಗಿ ಆಗಿತ್ತು! ನಾ ಕಣ್ಣು ಹೊಡದದ್ದು ರೈಲಿನ ಮಸಿಗೇನಲೇ?”

ಗಾದಿಲಿಂಗಪ್ಪ ಮೊಹರಿನ ಕಾಗದವನ್ನು ಮಡಚಿ ಜೇಬಿಗೆ ತುರುಕಿದ. ಹಿಂದೆ ಬಾಗಿಲು ಸದ್ದಾಯಿತು. ಅವನು ಬಿಟ್ಟು ಬಂದಿದ್ದ ಚೀಲವನ್ನು ಒಂದು ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ ಹುಲುಗಮ್ಮ ನಿಂತಿದ್ದಳು. ಅವನು ಚೀಲ ಬಿಡಿಸಿಕೊಳ್ಳುವಾಗ ಅವಳು ಬೇರೆ ಯಾರಿಗೂ ಕೇಳದಂತೆ ಹೇಳಿದಳು:

“ನಾನು ಮಸರನ್ನ ಇಡೋ ಹೊತ್ತಿನಾಗ ನಿಮ್ಮ ಕಾಲರ್ ಮ್ಯಾಲೆ ಎರಡು ಹರದಾಡೋದು ನೋಡಿದ್ದೆ. ನೋಡಿ ಸುಮ್ನಿದ್ದೆ. ಒಂಬತ್ತು ದಿನ ನಿಮಗೂ ಸುಮ್ನ ಮಲಗಾಕ ಆಗ್ತಿದ್ದಿಲ್ಲೇನ್ರೀ, ಮೇಷ್ಟ್ರ?”