ಅಂಚು ಕತ್ತರಿಸದ ಹುಲ್ಲುಹಾಸು

ನನ್ನ ಗಂಡ ವಿಲ್ಫ್ ಸಾಯುವ ಮೊದಲು ನನಗೆ ಹೇಳಿದ ಕೊನೆಯ ಮಾತು, "ಹೆಟ್ಟಿ, ಅಂಚು ಕತ್ತರಿಸೋದು ಮರೀಬೇಡ" ಎಂದು. ಹುಲ್ಲಿನ ಅಂಚು. ನಲವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಇನ್ನೇನಾದರೂ ಹೇಳಬಹುದಿತ್ತು ಎಂದು ನಾನು ಆಗಾಗ ಅಂದುಕೊಳ್ಳುವುದುಂಟು.

ಮನೆಯ ಮುಂದಿನ ಆ ಹುಲ್ಲುಹಾಸು ಹನ್ನೊಂದು ಗಜ ಉದ್ದ, ಒಂಬತ್ತು ಗಜ ಅಗಲ. ವಿಲ್ಫ್ ಪ್ರತಿ ಶನಿವಾರ ಕತ್ತರಿಸುವ ಯಂತ್ರ ತಳ್ಳಿ ಅದರ ಮೇಲೆ ಒಂದು ತಿಳಿ ಪಟ್ಟೆ, ಒಂದು ಗಾಢ ಪಟ್ಟೆ ಬರುವಂತೆ ಮಾಡುತ್ತಿದ್ದ. ಇಂಗ್ಲೆಂಡಿನಲ್ಲಿ ಗಂಡಸರ ಮರ್ಯಾದೆ ಇಂಥ ಪಟ್ಟೆಗಳಲ್ಲಿರುತ್ತದೆ. ಅದರ ಮೇಲೆ ಕಾಲಿಡುವ ಹಕ್ಕು ಅವನಿಗೂ ಗುಬ್ಬಿಗಳಿಗೂ ಬಿಟ್ಟರೆ ಯಾರಿಗೂ ಇರಲಿಲ್ಲ. ನನ್ನ ಬಟ್ಟೆ ಒಣಹಾಕುವ ಹಗ್ಗವನ್ನು ಬಿಸಿಲೇ ಬೀಳದ ಹಿತ್ತಲಲ್ಲಿ ಕಟ್ಟಿದ್ದ. ಲಾಂಡ್ರಿಯಲ್ಲಿ ಮೂವತ್ತು ವರ್ಷ ಊರವರ ಬಟ್ಟೆ ಒಣಗಿಸಿದ ನಾನು ಮನೆಯ ಬಟ್ಟೆಯನ್ನು ಒದ್ದೆಯಾಗಿಯೇ ಮಡಿಸುತ್ತಿದ್ದೆ.

ಅವನು ಹೋದ ಮೇಲೆ ಆ ಯಂತ್ರ ನನ್ನ ಪಾಲಿಗೆ ಬಂತು. ಎರಡು ಬೇಸಿಗೆ ತಳ್ಳಿದೆ. ನನ್ನ ಪಟ್ಟೆಗಳು ಸೊಟ್ಟ. ಪಕ್ಕದ ಮನೆಯಲ್ಲೇ ಇರುವ ನನ್ನ ನಾದಿನಿ ಎನಿಡ್ ಕಿಟಕಿಯ ಪರದೆ ಸರಿಸಿ ನೋಡಿ, ಮತ್ತೆ ಪರದೆ ಬಿಡುತ್ತಿದ್ದಳು. (ಅವಳು ನಮ್ಮೂರಿನ ಅಚ್ಚುಕಟ್ಟು ಗ್ರಾಮ ಸಮಿತಿಯ ಕಾರ್ಯದರ್ಶಿ. ಪರದೆ ಬಿಡುವುದರಲ್ಲೇ ಒಂದು ವರದಿ ಇರುತ್ತಿತ್ತು.)

ಹೀಗಿರುವಾಗ ಊರಿನ ಸಭಾಭವನಕ್ಕೆ ಟ್ಯಾಮ್ಸಿನ್ ಎಂಬ ಹುಡುಗಿ ಉಪನ್ಯಾಸ ಕೊಡಲು ಬಂದಳು. ಹುಲ್ಲುಹಾಸನ್ನು ಅಗೆಯದೆ, ಉಳದೆ, ಬೆನ್ನು ಬಗ್ಗಿಸದೆ ತರಕಾರಿ ತೋಟ ಮಾಡಿ ಗೇಟಿನಲ್ಲೇ ಮಾರಬಹುದಂತೆ. ಹುಲ್ಲಿನ ಮೇಲೆ ರಟ್ಟು ಹಾಸುವುದು, ಅದರ ಮೇಲೆ ಆರು ಅಂಗುಲ ಕಾಂಪೋಸ್ಟ್ ಗೊಬ್ಬರ ಸುರಿಯುವುದು, ನೆಡುವುದು. ಕೆಳಗಿನ ಹುಲ್ಲು ಕತ್ತಲಲ್ಲಿ ತಾನೇ ಸಾಯುತ್ತದೆ. ಈ ಕೊನೆಯ ವಾಕ್ಯ ಕೇಳಿದಾಗ ನನ್ನ ಮನಸ್ಸಿಗೆ ಆದ ಶಾಂತಿಯನ್ನು ಚರ್ಚಿನಲ್ಲಿ ಕೂಡ ಕಂಡಿರಲಿಲ್ಲ.

ಅಂಗಡಿಯಿಂದ ಅರವತ್ತೆಂಟು ರಟ್ಟಿನ ಪೆಟ್ಟಿಗೆ ತಂದು, ಅಂಟುಪಟ್ಟಿ ಕಿತ್ತು, ಬಿಡಿಸಿ ಹಾಸಿದೆ. ಓದು ನನಗೆ ನಿಧಾನ. ಪೆಟ್ಟಿಗೆಗಳ ಮೇಲೆ ಏನು ಬರೆದಿದೆ ಎಂದು ನೋಡುವ ತಾಳ್ಮೆ ಅವತ್ತು ಇರಲಿಲ್ಲ. ಬೀದಿಗೆ ಮುಖ ಮಾಡಿ ಹಾಸಿದ ಒಂಬತ್ತರ ಮೇಲೆ ವಯಸ್ಸಾದವರು ಕಟ್ಟಿಕೊಳ್ಳುವ ಡೈಪರಿನ ಚಿತ್ರವಿತ್ತು ಎಂದು ಎನಿಡ್ ಬಂದು ತಿಳಿಸಿದಳು. ಊರಲ್ಲಿ ನಾಲ್ಕು ದಿನ ಎಲ್ಲರೂ ನನ್ನ ಆರೋಗ್ಯವನ್ನು ಬಹಳ ಮೃದುವಾಗಿ ವಿಚಾರಿಸಿದರು.

ಗೊಬ್ಬರದ ಲಾರಿ ಬಂದು ಗೇಟಿನಾಚೆ ಒಂದು ಬೆಟ್ಟ ಸುರಿದು ಹೋಯಿತು. ಒಂಟಿ ಗಾಲಿಯ ಕೈಗಾಡಿಯಲ್ಲಿ ತೊಂಬತ್ತಮೂರು ಸಲ ತುಂಬಿ ತಳ್ಳಿದೆ. ಅಗೆಯುವ ಕೆಲಸ ಇಲ್ಲ ಎಂದು ಟ್ಯಾಮ್ಸಿನ್ ಹೇಳಿದ್ದು ಅಕ್ಷರಶಃ ನಿಜ. ಉಳಿದ ಕೆಲಸಗಳ ವಿಷಯ ಅವಳು ಎತ್ತಿರಲಿಲ್ಲ.

ಕೊನೆಯ ಗಾಡಿ ಸುರಿದಾಗ ಎನಿಡ್ ಬೇಲಿಯ ಹತ್ತಿರ ಬಂದಳು. ತಲೆಯ ಮೇಲಿನ ಟೋಪಿ ತೆಗೆದಿದ್ದಳು.

"ಅಣ್ಣನ್ನ ಎರಡನೇ ಸಲ ಹೂತಿಟ್ಟೆ ಅಲ್ವೇನೆ."

"ಹುಲ್ಲನ್ನ ಹೂತಿದ್ದು. ವಿಲ್ಫ್ ಚರ್ಚ್ ಹಿಂದೇನೇ ಇದಾನೆ, ನೀನೇ ಜಾಗ ಆರಿಸಿದ್ದು."

"ಇದನ್ನ ಯಾರು ಕೊಳ್ತಾರೆ ಅಂತ ಬೆಳೀತಿದ್ದೀಯ?"

ಎಲ್ಲರೂ, ಅಂದೆ. ಆಗ ಪಂಥ ಬಿತ್ತು. ಸೆಪ್ಟೆಂಬರ್ ಕೊನೆಗೆ ಚರ್ಚಿನಲ್ಲಿ ನಡೆಯುವ ಸುಗ್ಗಿ ಪ್ರಾರ್ಥನೆಯವರೆಗೆ ಪ್ರತಿ ಶನಿವಾರ ನಾನು ಗೇಟಿನ ಬಳಿ ಮೇಜಿನ ಮೇಲಿಟ್ಟದ್ದೆಲ್ಲ ಖಾಲಿಯಾದರೆ ಅವಳು ಹುಲ್ಲಿನ ಮಾತೇ ಎತ್ತುವಂತಿಲ್ಲ. ಒಂದೇ ಒಂದು ಕಟ್ಟು ಉಳಿದರೂ ನಾನು ಅಲ್ಲಿ ಹುಲ್ಲು ಬಿತ್ತಬೇಕು, ವಿಲ್ಫ್ ಬಿತ್ತಿದ್ದ ಜಾತಿಯದನ್ನೇ. ಎನಿಡ್ ಅವತ್ತೇ ಹೋಗಿ ಬೀಜದ ಪೊಟ್ಟಣ ತಂದು ತನ್ನ ಕೋಟಿನ ಜೇಬಿನಲ್ಲಿಟ್ಟುಕೊಂಡಳು.

ಆಲೂಗಡ್ಡೆ, ಬಟಾಣಿ ಎಲ್ಲರೂ ಬೆಳೆಯುತ್ತಾರೆ, ನೀವು ಹೊಸ ಕಾಲದ ಸೊಪ್ಪು ಬೆಳೆಯಿರಿ, ಪಟ್ಟಣದ ಹೋಟೆಲಿನವರು ಇದಕ್ಕಾಗಿ ಸಾಯುತ್ತಾರೆ ಎಂದು ಟ್ಯಾಮ್ಸಿನ್ ಹೇಳಿದ್ದಳು. ಹಾಗಾಗಿ ಕೆಂಪು ಸಾಸಿವೆ, ಚಿಕೋರಿ, ಮತ್ತೊಂದು ಜಪಾನಿನದು (ಅದರ ಹೆಸರು ನನಗೆ ಬರೆಯಲು ಬಾರದು) ನೆಟ್ಟೆ. ಹುಚ್ಚೆದ್ದು ಬೆಳೆದವು. ರಟ್ಟಿನಡಿ ಸಂಸಾರ ಹೂಡಿದ್ದ ಚಿಪ್ಪಿಲ್ಲದ ಬಸವನಹುಳುಗಳು ಊರಿನ ಮಿಕ್ಕ ತೋಟಗಳನ್ನೆಲ್ಲ ಮೇಯ್ದವು, ನನ್ನ ಸೊಪ್ಪನ್ನು ಮುಟ್ಟಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ಅದನ್ನು ದೇವರ ಕೃಪೆ ಎಂದುಕೊಂಡೆ.

ಕಟ್ಟು ಕಟ್ಟಿದ್ದು ವಿಲ್ಫ್‌ನ ಹಳೆಯ ನೀಲಿ ಸ್ವೆಟರ್ ಬಿಚ್ಚಿದ ನೈಲಾನ್ ನೂಲಿನಿಂದ. ಗಂಟು ಲಾಂಡ್ರಿಯದು: ಮೂರು ಸುತ್ತು, ತುದಿ ಒಳಗೆ. ಆ ಗಂಟನ್ನು ಬಿಚ್ಚಲು ಲಾಂಡ್ರಿಯವಳೇ ಆಗಿರಬೇಕು. ಉಳಿದವರು ಕತ್ತರಿಯಿಂದ ನೂಲನ್ನೇ ಕತ್ತರಿಸಬೇಕು.

ಗೇಟಿನ ಬಳಿ ಮೇಜು ಹಾಕಿ, ಕಾಸು ಹಾಕಲು ಒಂದು ಡಬ್ಬ ಇಟ್ಟು, ನಮ್ಮೂರ ಪದ್ಧತಿಯಂತೆ ಒಳಗೆ ಬಂದು ಕೂರುತ್ತಿದ್ದೆ. ಮಾರುವವರು ಎದುರು ನಿಂತರೆ ಕೊಳ್ಳುವವರಿಗೆ ಮುಜುಗರ. ನಾಲ್ಕು ಗಂಟೆಯ ಚಹಾ ಕುಡಿದು ಹೋಗಿ ನೋಡಿದರೆ ಮೇಜು ಖಾಲಿ. ಹದಿನಾಲ್ಕು ಶನಿವಾರ, ಇನ್ನೂರ ಹದಿನಾಲ್ಕು ಕಟ್ಟು, ಒಂದೂ ಉಳಿಯಲಿಲ್ಲ. ಪಾದ್ರಿಗಳ ಹೆಂಡತಿ ಮಿಸೆಸ್ ಪ್ರಾಥೆರೊ ದಾರಿಯಲ್ಲಿ ನನ್ನ ಕೈ ಹಿಡಿದು, ರುಚಿ ಬಹಳ ವಿಶೇಷವಾಗಿದೆ ಅಂದರು. ಅಂಚೆಯಿಂದ ನಿವೃತ್ತನಾದ ಕ್ಲೆಮ್ ಕೂಡ ವಿಶೇಷ ಅಂದ. ಎನಿಡ್ ಮಾಡುವ ಹಸಿ ಟೊಮೇಟೊ ಉಪ್ಪಿನಕಾಯಿಯನ್ನು ಇಪ್ಪತ್ತಾರು ವರ್ಷಗಳಿಂದ ನಾನೂ ಹಾಗೆಯೇ ಹೊಗಳುತ್ತ ಬಂದಿದ್ದೇನೆ, ಮತ್ತು ಆ ಸೀಸೆಗಳೆಲ್ಲ ನನ್ನ ಮೆಟ್ಟಿಲ ಕೆಳಗೆ ಮುಚ್ಚಳ ತೆರೆಯದೆ ಕೂತಿವೆ ಎಂಬುದು ಆ ಸಂಭ್ರಮದಲ್ಲಿ ನನಗೆ ಹೊಳೆಯಲಿಲ್ಲ.

ಸುಗ್ಗಿ ಪ್ರಾರ್ಥನೆಯಲ್ಲಿ ನನ್ನ ಸೊಪ್ಪಿನ ಬುಟ್ಟಿಯನ್ನು ವೇದಿಕೆಯ ಮುಂದೆಯೇ ಇಟ್ಟಿದ್ದೆ. ಎನಿಡ್ ಪಕ್ಕದಲ್ಲಿ ಕೂತು ಹುಲ್ಲಿನ ಮಾತೆತ್ತದೆ ಕೀರ್ತನೆ ಹಾಡಿದಳು. ಅಷ್ಟು ಸಿಹಿಯಾಗಿ ಅವಳ ದನಿ ನನಗೆ ಯಾವತ್ತೂ ಕೇಳಿಸಿರಲಿಲ್ಲ.

ಅಕ್ಟೋಬರಿನಲ್ಲಿ ಮಡಿಗಳ ಮೇಲೆ ಮತ್ತೊಂದು ಪದರ ಗೊಬ್ಬರ ಹರಡಬೇಕು. ಸಭಾಭವನದ ಹಿಂದೆ ಇಡೀ ಊರು ತೋಟದ ಕಸ, ಸಿಪ್ಪೆ ಹಾಕುವ ಸಾಮೂಹಿಕ ಗುಡ್ಡೆಯಿದೆ. ಜರಡಿ ತೆಗೆದುಕೊಂಡು ಅಲ್ಲಿಗೆ ಹೋದೆ. ಮೊದಲ ಜರಡಿಯಲ್ಲೇ ಒಂದು ನೀಲಿ ನೂಲು ಬಂತು. ಎಲೆ ಕೊಳೆತು ಕಪ್ಪು ಮಣ್ಣಾಗಿತ್ತು, ನೂಲಿನ ಸುತ್ತು ಮಾತ್ರ ದುಂಡಗೆ ಹಾಗೇ ಇತ್ತು. ಮೂರು ಸುತ್ತು, ತುದಿ ಒಳಗೆ. ಕತ್ತರಿ ತಾಗಿರಲಿಲ್ಲ.

ನಾನು ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಮಧ್ಯಾಹ್ನದವರೆಗೆ ಇಡೀ ಗುಡ್ಡೆಯನ್ನು ಜರಡಿ ಹಿಡಿದೆ. ಇನ್ನೂರ ಒಂಬತ್ತು ಸಿಕ್ಕವು.

ಎನಿಡ್ ಸಿಪ್ಪೆಯ ಬಕೆಟ್ ಹಿಡಿದು ಬಂದವಳು ಕೈಗಾಡಿಯ ಅಂಚಿಗೆ ನಾನು ಸಾಲಾಗಿ ನೇತು ಹಾಕಿದ್ದ ಸುತ್ತುಗಳನ್ನು ನೋಡಿ ನಿಂತಳು.

"ನಿನಗೆ ಬೇಜಾರಾಗಬಾರದು ಅಂತ ಎಲ್ಲರೂ ತಗೊಂಡ್ರು ಕಣೇ."

"ಐದು ಸಿಗಲಿಲ್ಲ. ಐದನ್ನ ಯಾರೋ ತಿಂದಿದಾರೆ."

"ಅದು ಕ್ಲೆಮ್‌ನ ಆಮೆ."

"ಆಮೆಗಾದ್ರೂ ಹಿಡಿಸ್ತಲ್ಲ."

"ಐದನೇದು ತಿಂದ ದಿನ ಬೇಲಿ ಕೆಳಗೆ ಮಣ್ಣು ತೋಡ್ಕೊಂಡು ಹೋಯ್ತು. ಇನ್ನೂ ಸಿಕ್ಕಿಲ್ಲ."

ಈ ಇಡೀ ವ್ಯವಹಾರದಲ್ಲಿ ಅಗೆದದ್ದು ಆ ಆಮೆಯೊಂದೇ.

ನೀನೂ ತಗೊಂಡ್ಯಾ, ಎಂದು ಕೇಳಿದೆ. ಅವಳು ಬಕೆಟ್ಟಿನೊಳಗೆ ನೋಡುತ್ತ ಹೌದೆಂದು ತಲೆಯಾಡಿಸಿದಳು. ಒಂದೇ ಒಂದು ಕಟ್ಟನ್ನು ಮೇಜಿನ ಮೇಲೆ ಬಿಟ್ಟಿದ್ದರೆ ಪಂಥ ನಿನ್ನದೇ ಆಗುತ್ತಿತ್ತಲ್ಲ, ಅಂದೆ.

"ನಾಲ್ಕು ಗಂಟೆಗೆ ಯಾವಾಗ್ಲೂ ಒಂದೆರಡು ಉಳಿದಿರೋವು. ಮಳೇಲಿ ಹಾಗೇ ಕೂತಿರೋವು. ನನಗೆ ನೋಡಕ್ಕಾಗ್ತಿರಲಿಲ್ಲ." ಆಮೇಲೆ ತನ್ನ ಮೂಗನ್ನು ಒರೆಸಿಕೊಂಡು ಕೇಳಿದಳು, "ಅದಿರ್ಲಿ, ನಿನಗೆ ಹೇಗನಿಸ್ತು ರುಚಿ?"

ಹದಿನಾಲ್ಕು ವಾರವೂ ನಾನು ರಾತ್ರಿ ಊಟಕ್ಕೆ ಬೇಯಿಸಿಕೊಂಡದ್ದು ಡಬ್ಬದ ಬಟಾಣಿ.

ಎನಿಡ್ ನನ್ನ ಜೊತೆ ಮನೆಯವರೆಗೆ ಬಂದು, ಗೇಟಿನ ಪಕ್ಕದ ಮಡಿಯಿಂದ ಒಂದು ಕೆಂಪು ಎಲೆ ಕಿತ್ತು, ಏಪ್ರನ್ನಿಗೆ ಒರೆಸಿ ನನ್ನ ಕೈಗೆ ಕೊಟ್ಟಳು. ಬಾಯಿಗೆ ಹಾಕಿಕೊಂಡೆ. ಮೊದಲು ಖಾರ, ಆಮೇಲೆ ಕಹಿ, ಆಮೇಲೆ ಎರಡೂ ಸೇರಿ ಕಿವಿಯವರೆಗೆ ಹೋದವು. ಎನಿಡ್ ತಾಳ್ಮೆಯಿಂದ ಕಾದಳು. ಅಗಿದು ನುಂಗಿದೆ.

"ವಿಶೇಷವಾಗಿದೆ," ಅಂದೆ.

ಎನಿಡ್ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಹುಲ್ಲಿನ ಮಾತೆತ್ತಲಿಲ್ಲ. ಕೋಟಿನ ಜೇಬಿನಿಂದ ಬೀಜದ ಪೊಟ್ಟಣ ತೆಗೆದು ನನ್ನ ಕೈಗಾಡಿಯಲ್ಲಿಟ್ಟು, ಈ ವಾರ ಹದವಾಗಿ ಮಳೆ ಬೀಳಬಹುದು ನೋಡು, ಎಂದು ಹವಾಮಾನದ ಮಾತಾಡುತ್ತ ಮನೆಗೆ ಹೋದಳು.